ಐದನೇ ನಂಬರಿನ ಬ್ಲೇಡು

ಅವರ ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಸದಾ ಸಣ್ಣ ಬಿಳಿ ಗೀರುಗಳಿರುತ್ತಿದ್ದವು. ಒಂದರ ಪಕ್ಕ ಒಂದು, ಯಾರೋ ಸ್ಲೇಟಿನ ಮೇಲೆ ದಿನ ಎಣಿಸಿಟ್ಟ ಹಾಗೆ. ಹರಿತ ಮಾಡಿದ ಅಲಗನ್ನು ಆ ಉಗುರಿನ ಮೇಲೆ ಮೆಲ್ಲಗೆ ಎಳೆಯುವರು. ಉಗುರಿನ ಪುಡಿ ಎದ್ದರೆ ಹರಿತ ಸರಿ. ಅಲಗು ಜಾರಿದರೆ ಮತ್ತೆ ಯಂತ್ರಕ್ಕೆ. ಮೊದಲ ಸಲ ಆ ಉಗುರು ನೋಡಿದಾಗ ಏನೋ ಚರ್ಮರೋಗವಿರಬೇಕೆಂದು ನಾನು ಕೈಕುಲುಕದೆ ಬರಿ ಬಗ್ಗಿ ನಮಸ್ಕರಿಸಿದ್ದೆ. ಜಪಾನಿನಲ್ಲಿ ಹೇಗೂ ಬಗ್ಗುವುದೇ ಪದ್ಧತಿಯಾದ್ದರಿಂದ ನನ್ನ ಹೇಡಿತನ ಮರ್ಯಾದೆಯೆನಿಸಿಕೊಂಡಿತು.

ಟೋಕಿಯೋ ಪಕ್ಕದ ವಾಕೋದಲ್ಲಿ ಕಂಪನಿ ನನಗೆ ಹಿಡಿದುಕೊಟ್ಟಿದ್ದ ಅಪಾರ್ಟ್‌ಮೆಂಟಿಗೆ ಅವರು ಮೇಲ್ವಿಚಾರಕರು. ಕಸ ಯಾವ ದಿನ ಯಾವುದು ಹಾಕಬೇಕೆಂದು ಹೇಳುವುದು, ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸುವುದು, ಮೆಟ್ಟಿಲು ಗುಡಿಸುವುದು ಅವರ ಕೆಲಸ. ಅರವತ್ತು ದಾಟಿದ್ದರು, ಹೆಂಡತಿ ಇರಲಿಲ್ಲ, ಮಗಳು ದೂರದ ಊರಿನಲ್ಲಿದ್ದಳು. ನಾನು ಅವರನ್ನು ಕನ್ರಿನಿನ್-ಸಾನ್ ಎನ್ನುತ್ತಿದ್ದೆ, ಅಂದರೆ ಮೇಲ್ವಿಚಾರಕರೇ ಎಂದಷ್ಟೇ. ನನ್ನ ಹೆಸರು ಅವರ ನಾಲಿಗೆಗೆ ಉದ್ದವಾಯಿತು. ಇಂದೋ-ಸಾನ್, ಅಂದರೆ ಇಂಡಿಯಾದವರೇ, ಎಂದು ಕರೆದರು. ನೂರು ಕೋಟಿ ಜನರ ಭಾರವನ್ನು ಹೊತ್ತು ನಾನು ಎರಡು ವರ್ಷ ಆ ಕಟ್ಟಡದ ಕಸ ವಿಂಗಡಿಸಿದೆ.

ಅದು ಇಸವಿ ಎರಡು ಸಾವಿರ ಹತ್ತಿರವಾಗುತ್ತಿದ್ದ ಕಾಲ. ಹಳೆಯ ಕಂಪ್ಯೂಟರುಗಳು ವರ್ಷವನ್ನು ಎರಡೇ ಅಂಕಿಯಲ್ಲಿ ಇಟ್ಟುಕೊಂಡಿದ್ದರಿಂದ ಸೊನ್ನೆ ಸೊನ್ನೆ ಬಂದೊಡನೆ ಲೋಕ ಅಲ್ಲೋಲಕಲ್ಲೋಲವಾಗುತ್ತದೆಂದು ಎಲ್ಲರೂ ಹೆದರಿದ್ದರು. ಮೈಸೂರಿನ ನನ್ನಂಥವನನ್ನು ಅದಕ್ಕೆಂದೇ ಇಲ್ಲಿಗೆ ಕಳಿಸಿದ್ದರು. ಚಿಕ್ಕಂದಿನಿಂದ ನಾನು ಪುಕ್ಕಟೆಯಾಗಿ ಮಾಡುತ್ತ ಬಂದ ಚಿಂತೆಗೆ ಸಂಬಳ ಸಿಕ್ಕಿದ್ದು ಆಗ ಮಾತ್ರ. ಹೆಂಡತಿ ಮಗುವಿನ ಶಾಲೆಯ ಕಾರಣಕ್ಕೆ ಊರಲ್ಲೇ ಉಳಿದಿದ್ದಳು. ಭಾನುವಾರ ಬೆಳಿಗ್ಗೆ ಫೋನ್ ಕಾರ್ಡಿನಲ್ಲಿ ಹದಿನೈದು ನಿಮಿಷ ಮಾತು, ಉಳಿದ ವಾರವೆಲ್ಲ ಕೊಂಬಿನಿ ಎಂಬ ಹಗಲುರಾತ್ರಿ ತೆರೆದಿರುವ ಅಂಗಡಿಯ ಹುಡುಗಿ ಹೇಳುವ ಸ್ವಾಗತ. ಅದನ್ನು ಅವಳು ತಾನೇ ತೆರೆದುಕೊಳ್ಳುವ ಬಾಗಿಲಿಗೂ ಹೇಳುತ್ತಿದ್ದಳೆಂದು ತಿಳಿಯಲು ನನಗೆ ಒಂದು ತಿಂಗಳು ಬೇಕಾಯಿತು.

ನಮ್ಮಿಬ್ಬರ ಸ್ನೇಹಕ್ಕೆ ಕಾರಣ ಈಳಿಗೆಮಣೆ. ಹೆಂಡತಿ ಸೂಟ್‌ಕೇಸಿನಲ್ಲಿ ತುರುಕಿದ್ದ ಚಿಕ್ಕ ಈಳಿಗೆ ಮೊಂಡಾಗಿತ್ತು. ಸೈಕಲ್ ಶೆಡ್ಡಿನ ಮೂಲೆಯಲ್ಲಿ ಅವರಿಗೊಂದು ಸಾಣೆ ಯಂತ್ರವಿತ್ತು. ಕಟ್ಟಡದ ಹೆಂಗಸರ ಚಾಕುಗಳಿಗೆಲ್ಲ ಅವರೇ ಸಾಣೆ ಹಿಡಿಯುತ್ತಿದ್ದರು. ಈಳಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದರ ಮೇಲೆ ಕೂತು ತರಕಾರಿಯನ್ನೇ ಅಲಗಿನ ಹತ್ತಿರ ತರುತ್ತೀರಾ?"

"ಹೌದು."

"ಐಸ್ ಮೇಲೆ ಜಾರುವ ನಮ್ಮ ಸ್ಕೇಟ್ ಬೂಟು ಕೂಡ ಹಾಗೇ. ಅಲಗು ಕೆಳಗೆ, ಮನುಷ್ಯ ಮೇಲೆ." ಉಗುರಿನ ಮೇಲೆ ಎಳೆದು ನೋಡಿ ಕೈಗಿಟ್ಟರು. "ಜೋಪಾನ."

ಆ ಸಂಜೆ ಬದನೆಕಾಯಿಯೊಡನೆ ನನ್ನ ಬೆರಳನ್ನೂ ಹೆಚ್ಚಿಕೊಂಡೆ. ಬ್ಯಾಂಡೇಜು ಸುತ್ತಲು ಬಂದವರು ಅವರೇ. ಸುತ್ತುತ್ತಾ ಹೇಳಿದರು: ಬಡಗಣ ದ್ವೀಪದ ಒಂದು ಕಾಗದದ ಕಾರ್ಖಾನೆಯಲ್ಲಿ ಇದ್ದರಂತೆ. ಜಪಾನಿನಲ್ಲಿ ಐಸ್ ಹಾಕಿ, ಅಂದರೆ ಮಂಜುಗಡ್ಡೆಯ ಮೇಲಿನ ಹಾಕಿ ಆಟ, ಆಡುವವರೆಲ್ಲ ಇಂಥ ಕಾರ್ಖಾನೆಗಳ ನೌಕರರೇ. ಇವರಿಗೆ ಆಡಲು ಬರುತ್ತಿರಲಿಲ್ಲ, ಸಾಣೆ ಹಿಡಿಯಲು ಬರುತ್ತಿತ್ತು. ದೇಶದ ತಂಡ ಹೊರಟಾಗಲೆಲ್ಲ ಆಟಗಾರರ ಸ್ಕೇಟ್ ನೋಡಿಕೊಳ್ಳಲು ಇವರೂ ಹೊರಡುವರು. ಹೀಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ.

ಅವರ ಬಾಯಲ್ಲಿ ಆ ತಂಡದ ಚರಿತ್ರೆ ಕೇಳಬೇಕಿತ್ತು. ಗೋಲು, ಪದಕ, ಧ್ವಜ ಯಾವುದೂ ಇಲ್ಲ. "ಆ ಊರಲ್ಲಿ ಐಸ್ ಮೆತ್ತಗಿತ್ತು. ಸೋತೆವು." "ಈ ಊರಲ್ಲಿ ಐಸ್ ಗಾಜಿನ ಹಾಗೆ. ಚೆನ್ನಾಗಿತ್ತು. ಸೋತೆವು." ನಾಗಾನೋ ಒಲಿಂಪಿಕ್ಸ್ ನಡೆದಾಗ ಅವರು ನಿವೃತ್ತರಾಗಿದ್ದರು. ಟಿಕೆಟ್ ಇದ್ದರೂ ಹೋಗದೆ ಟಿವಿಯ ಸದ್ದು ಜೋರು ಮಾಡಿ ಕಣ್ಣು ಮುಚ್ಚಿ ಕೂತಿದ್ದರಂತೆ. "ಬ್ಲೇಡಿನ ಸದ್ದು ಕೇಳಿದರೆ ಸಾಕು. ನೋಡಿದರೆ ಬೇಸರ."

ಆ ವರ್ಷಗಳಲ್ಲಿ ವಿಶ್ವ ಸ್ಪರ್ಧೆಯ ಮೇಲಿನ ಗುಂಪಿನಲ್ಲಿ ದೂರದ ಪೂರ್ವ ದೇಶಗಳಿಗೆಂದು ಒಂದು ಜಾಗ ಮೀಸಲಿತ್ತು. ಪ್ರತಿ ವಸಂತದಲ್ಲೂ ಜಪಾನ್ ಆ ಜಾಗ ಹಿಡಿದು ಯೂರೋಪಿಗೆ ಹೋಗುತ್ತಿತ್ತು, ದೊಡ್ಡವರ ಕೈಯಲ್ಲಿ ಸೋತು ಕೊನೆಯಲ್ಲಿ ನಿಂತು ಬರುತ್ತಿತ್ತು, ಮುಂದಿನ ವಸಂತದಲ್ಲಿ ಮತ್ತೆ ಹೋಗುತ್ತಿತ್ತು. ಪತ್ರಿಕೆಯ ಮೂಲೆಯಲ್ಲಿ ಅಂಗೈರೇಖೆಯಷ್ಟು ಸುದ್ದಿ. ಮೇಲ್ವಿಚಾರಕರ ಕಣ್ಣಿಗೆ ಪೊರೆ ಬಂದಿತ್ತು. ಬೆಳಿಗ್ಗೆ ಆಫೀಸಿಗೆ ಹೊರಟ ನನ್ನನ್ನು ತಡೆದು ಪತ್ರಿಕೆ ಚಾಚುವರು. ನನಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಒಂದು ಅಂಕಿ ದೊಡ್ಡದು, ಒಂದು ಚಿಕ್ಕದು. ಚಿಕ್ಕದು ನಮ್ಮದು. ಯಾವಾಗ ಅದು ನಮ್ಮದಾಯಿತೋ ನನಗೆ ಗೊತ್ತಿಲ್ಲ.

ಬೇಸಿಗೆಯ ಒಂದು ಭಾನುವಾರ ಅವರು ರಟ್ಟಿನ ಪೆಟ್ಟಿಗೆಯೊಂದನ್ನು ನನ್ನ ಬಾಗಿಲಿಗೆ ತಂದರು. ಒಳಗೆ ಎಣ್ಣೆ ಹಿಡಿದ ಹನ್ನೊಂದು ಪುಸ್ತಕಗಳು. ಪ್ರತಿ ಪಂದ್ಯಕ್ಕೂ ಒಂದು ಸಾಲು: ತಾರೀಕು, ಊರು, ಐಸ್ ಗಟ್ಟಿಯೋ ಮೆತ್ತಗೋ, ಯಾವ ನಂಬರಿನ ಆಟಗಾರನ ಬ್ಲೇಡಿಗೆ ಎಷ್ಟು ಆಳದ ತೋಡು, ಗೆಲುವೋ ಸೋಲೋ. ಸ್ಕೇಟಿನ ಬ್ಲೇಡಿನ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ತೋಡು ಇರುತ್ತದೆ. ಐಸ್ ಗಟ್ಟಿಯಿದ್ದರೆ ತೋಡು ಆಳ ಬೇಕು, ಹಿಡಿತಕ್ಕೆ. ಮೆತ್ತಗಿದ್ದರೆ ಆಳ ಕಮ್ಮಿ ಬೇಕು, ಇಲ್ಲದಿದ್ದರೆ ಬ್ಲೇಡು ಕಚ್ಚಿಕೊಂಡು ಮನುಷ್ಯ ಮುಗ್ಗರಿಸುತ್ತಾನೆ.

"ಇಂದೋ-ಸಾನ್, ನೀವು ಕಂಪ್ಯೂಟರಿನಲ್ಲಿ ತಪ್ಪು ಹುಡುಕುವವರು," ಅಂದರು. "ನನ್ನದೊಂದು ಹುಡುಕಿಕೊಡಿ."

ಅವರ ಮೊದಲ ವಿದೇಶ ಪ್ರವಾಸದಲ್ಲಿ, ಒಂದು ಪಂದ್ಯದ ಕೊನೆಯ ನಿಮಿಷಗಳಲ್ಲಿ, ಐದನೇ ನಂಬರಿನ ಆಟಗಾರ ಯಾರೂ ತಾಗದೆ ಮುಗ್ಗರಿಸಿ ಬಿದ್ದ. ಅವನು ಬಿಟ್ಟ ಸಂದಿಯಲ್ಲಿ ಎದುರಾಳಿ ಗೋಲು ಹೊಡೆದರು. ಒಂದೇ ಗೋಲಿನ ಸೋಲು. ಐದನೇ ನಂಬರನ್ನು ಆಮೇಲೆ ದೇಶದ ತಂಡಕ್ಕೆ ಕರೆಯಲಿಲ್ಲ. ಅವನೂ ಅದೇ ಕಾರ್ಖಾನೆಯವನು. ನಿವೃತ್ತಿಯವರೆಗೆ ಕಾಗದಕ್ಕೆ ಮರದ ತಿರುಳು ಬೇಯಿಸುವ ವಿಭಾಗದಲ್ಲಿದ್ದ. ಪ್ರತಿ ಹೊಸವರ್ಷಕ್ಕೆ ಇವರಿಗೆ ಕಾರ್ಡು ಕಳಿಸುತ್ತಿದ್ದ. ಆ ಬೆಳಿಗ್ಗೆ ಐಸ್ ಮುಟ್ಟಿ ನೋಡದೆ ತೋಡು ಆಳ ತೆಗೆದೆನೇನೋ ಎಂಬ ಮಾತು ಇವರ ಬಾಯಿಗೆ ಬಂದು ಬಂದು ಹೋಯಿತು. ಎರಡು ವರ್ಷದ ಹಿಂದೆ ಅವನು ತೀರಿಕೊಂಡ.

"ತಪ್ಪು ನನ್ನದಾದರೆ ಅವನ ಸಮಾಧಿಗೆ ಹೋಗಿ ಹೇಳಬೇಕು. ನನ್ನದಲ್ಲದಿದ್ದರೆ, ಸತ್ತವನನ್ನು ಸುಮ್ಮನೆ ಎಬ್ಬಿಸುವುದು ಅಸಭ್ಯ. ಕಣ್ಣು ಪೂರ್ತಿ ಹೋಗುವುದರೊಳಗೆ ಗೊತ್ತಾಗಬೇಕು."

ಸಂಜೆಗಳಿಗೆ ಒಂದು ಕೆಲಸ ಸಿಕ್ಕಿತು. ಗಟ್ಟಿ, ಮೆತ್ತಗೆ, ಗೆಲುವು, ಸೋಲು ಎಂಬ ನಾಲ್ಕು ಅಕ್ಷರ ಅವರೇ ಕಲಿಸಿದರು. ಊರಿನ ಹೆಸರುಗಳನ್ನು ಓದಲಾರದೆ ಬಿಟ್ಟೆ, ಕೇಳಲು ಸಂಕೋಚ. ಎಲ್ಲ ಸಾಲುಗಳನ್ನೂ ಟೈಪು ಮಾಡಿ ತಾರೀಕಿನ ಪ್ರಕಾರ ಜೋಡಿಸಿದಾಗ ಎದ್ದು ಕುಣಿಯುವಂಥದ್ದು ಕಂಡಿತು. ಐದನೇ ನಂಬರ್ ಬಿದ್ದ ಪಂದ್ಯಕ್ಕೆ ಮೂರೇ ದಿನ ಮುಂಚೆ ಇನ್ನೊಂದು ಸಾಲು: ಐಸ್ ಮೆತ್ತಗೆ, ಐದನೇ ನಂಬರ್, ಅಷ್ಟೇ ಆಳದ ತೋಡು, ಗೆಲುವು.

ಓಡಿ ಹೋಗಿ ಹೇಳಿದೆ. "ಅದೇ ಮನುಷ್ಯ, ಅದೇ ಬ್ಲೇಡು, ಅಂಥದ್ದೇ ಐಸ್, ಆಗ ಬೀಳಲಿಲ್ಲ. ತಪ್ಪು ನಿಮ್ಮದಲ್ಲ."

ಅವರು ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಆಳವಾಗಿ ಬಗ್ಗಿ, "ಅರಿಗಾತೋ" ಎಂದು ಧನ್ಯವಾದ ಹೇಳಿದರು. ಅಷ್ಟು ಬಗ್ಗಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಜೀವನದಲ್ಲಿ ಒಬ್ಬರ ಚಿಂತೆ ಬಿಡಿಸಿದೆನೆಂದು ಆ ವಾರ ಎದೆಯುಬ್ಬಿಸಿ ನಡೆದೆ. ನನ್ನ ಎದೆ ಉಬ್ಬಿದಾಗಲೆಲ್ಲ ಏನೋ ಕಾದಿರುತ್ತದೆ.

ಎರಡು ವಾರದ ಮೇಲೆ ಆಫೀಸಿನಲ್ಲಿ ಒಂದು ದೋಷ ನನ್ನ ಮೇಜಿಗೆ ಬಂತು. ಶಾಲೆಗೆ ಹೋಗುವ ಹುಡುಗನೊಬ್ಬನ ವಯಸ್ಸನ್ನು ಕಂಪ್ಯೂಟರ್ ಮೂವತ್ತೇಳು ಎಂದು ತೋರಿಸುತ್ತಿತ್ತು. ಜಪಾನಿನವರು ಚಕ್ರವರ್ತಿ ಪಟ್ಟಕ್ಕೆ ಬಂದಲ್ಲಿಂದಲೂ ವರ್ಷ ಎಣಿಸುತ್ತಾರೆ. ಹುಟ್ಟಿದ ವರ್ಷ ಅರವತ್ತೆರಡು ಎಂದಿದ್ದರೆ ಅದು 1962 ಆಗಬಹುದು, ಹಿಂದಿನ ಚಕ್ರವರ್ತಿ ಷೋವಾ ಅವರ ಅರವತ್ತೆರಡನೇ ವರ್ಷ, ಅಂದರೆ 1987 ಕೂಡ ಆಗಬಹುದು. ಎಂಥ ಬೆಪ್ಪರಪ್ಪಾ ಈ ಪ್ರೋಗ್ರಾಂ ಬರೆದವರು ಎಂದು ನಗುತ್ತಾ ಟಿಪ್ಪಣಿ ಬರೆಯತೊಡಗಿದೆ. ಅರ್ಧಕ್ಕೆ ಕೈ ನಿಂತಿತು.

ಮೇಲ್ವಿಚಾರಕರ ಪುಸ್ತಕಗಳಲ್ಲೂ ವರ್ಷ ಎರಡೇ ಅಂಕಿ. ವಿದೇಶದಲ್ಲಿದ್ದಾಗ ಅಲ್ಲಿನವರ ಲೆಕ್ಕ, ಊರಲ್ಲಿದ್ದಾಗ ಚಕ್ರವರ್ತಿಯ ಲೆಕ್ಕ. ನಾನು ಮೂರು ದಿನದ ಅಂತರವೆಂದುಕೊಂಡ ಎರಡು ಪಂದ್ಯಗಳ ನಡುವೆ ಇಪ್ಪತ್ತೈದು ವರ್ಷಗಳಿದ್ದವು. ಒಂದು ಯೂರೋಪಿನಲ್ಲಿ, ಇನ್ನೊಂದು ಜಪಾನಿನಲ್ಲಿ. ಐದನೇ ನಂಬರಿನ ಅಂಗಿಯೊಳಗೆ ಬೇರೆ ಬೇರೆ ಮನುಷ್ಯರು. ಎರಡಂಕಿಯ ವರ್ಷವನ್ನು ನಂಬಬೇಡಿ ಎಂದು ಜಪಾನಿಗೆ ಹೇಳಲು ವಿಮಾನ ಹತ್ತಿ ಬಂದವನು ನಾನು.

ಮರುದಿನದಿಂದ ಹಿಂದಿನ ಮೆಟ್ಟಿಲಿನಲ್ಲಿ ಓಡಾಡತೊಡಗಿದೆ. ಭಾನುವಾರ ಹೆಂಡತಿಗೆ ಹೇಳಿಕೊಂಡೆ.

"ರೀ, ಅವ್ರಿಗೆ ನೆಮ್ಮದಿ ಆಗಿದೆ ತಾನೆ, ಬಿಟ್ಬಿಡಿ ಅನ್ನೋಣ ಅಂದ್ರೆ ನೀವು ಬಿಡೋರಲ್ಲ," ಅಂದಳು. "ನಂಗೆ ಗೊತ್ತು. ಇನ್ನು ಹತ್ತು ವರ್ಷ ಇದನ್ನೇ ಕೊರೀತೀರ. ಹೋಗಿ ಹೇಳ್ಬಿಡಿ."

"ಬೈದ್ರೆ?"

"ಜಪಾನೀಸಲ್ಲಿ ಬೈತಾರೆ. ಅರ್ಧ ಅರ್ಥ ಆಗಲ್ಲ ನಿಮ್ಗೆ. ಲಾಭಾನೇ."

ಶೆಡ್ಡಿನಲ್ಲಿ ಅವರು ಯಾರದೋ ಮೀನು ಕೊಯ್ಯುವ ಚಾಕು ಹಿಡಿದು ಕೂತಿದ್ದರು. "ಸುಮಿಮಾಸೆನ್", ಕ್ಷಮಿಸಿ, ಎಂದು ಶುರುಮಾಡಿ, ಬರುವ ಜಪಾನಿಯಲ್ಲೆಲ್ಲ ತಪ್ಪೊಪ್ಪಿಕೊಂಡೆ. ಅವರು ಚಾಕುವನ್ನು ಉಗುರಿನ ಮೇಲೆ ಎಳೆದರು. ಪುಡಿ ಎದ್ದಿತು.

"ಗೊತ್ತಿತ್ತು," ಅಂದರು. "ಬಿದ್ದ ಐದು ಕುಳ್ಳ. ಗೆದ್ದ ಐದು ಎಡಗೈಯವನು."

"ಹಾಳೆ ನೋಡಿದಾಗಲೇ ಗೊತ್ತಾಯಿತಾ? ಹೇಳಬಹುದಿತ್ತಲ್ಲ."

"ನೀವು ಅಷ್ಟು ಖುಷಿಯಾಗಿದ್ದಿರಿ." ಚಾಕು ಕೆಳಗಿಟ್ಟರು. "ಇಷ್ಟು ವರ್ಷದಲ್ಲಿ ಮೂರು ಜನಕ್ಕೆ ಇದನ್ನು ಹೇಳಿದೆ. ಮೂವರೂ, ಆಟ ಅಂದ ಮೇಲೆ ಬೀಳುತ್ತಾರೆ, ಮರೆತುಬಿಡು ಅಂದರು. ನೀವೊಬ್ಬರು ಲೆಕ್ಕ ಹಾಕಿ ನೋಡಿದಿರಿ. ಈಗ ಸರಿಯಾಗಿ ಹಾಕಿ."

ಇಬ್ಬರೂ ಮತ್ತೆ ಕೂತೆವು. ಈ ಸಲ ಅವರು ಪ್ರತಿ ಸಾಲಿನ ಊರು ಹೇಳಿದರು, ನಾನು ವರ್ಷವನ್ನು ನಾಲ್ಕು ಅಂಕಿಯಲ್ಲಿ ಬರೆದೆ. ಮೆತ್ತನೆಯ ಐಸಿನಲ್ಲಿ ಆಳದ ತೋಡು ಕೊಟ್ಟ ಪಂದ್ಯಗಳು ನಾಲ್ಕೇ ಇದ್ದವು. ಎರಡರಲ್ಲಿ ಯಾರೂ ಬಿದ್ದಿರಲಿಲ್ಲ, ಇನ್ನೊಂದರ ನೆನಪು ಅವರಿಗಿರಲಿಲ್ಲ, ನಾಲ್ಕನೆಯದು ಅವನು ಬಿದ್ದ ಪಂದ್ಯ. ಕೊನೆಗೆ, "ಹಾಗಾದರೆ ನನ್ನ ತಪ್ಪಾ?" ಎಂದು ಕೇಳಿದರು. ಅಲ್ಲ ಎನ್ನಬೇಕೆಂದು ನಾಲಿಗೆ ತುರಿಸಿತು. ಒಂದು ಸಲ ಹೇಳಿ ಕೆಟ್ಟಿದ್ದೆ.

"ಆಗಿರಬಹುದು," ಅಂದೆ.

"ಆಗಿರಬಹುದು," ಅಂದರು. ಬಿಸಿ ಚಹಾ ಗುಟುಕರಿಸಿದವರ ಹಾಗೆ ಇನ್ನೊಮ್ಮೆ ಹೇಳಿಕೊಂಡರು. ಪಟ್ಟಿಯಲ್ಲಿ ಕಾರಣ ಎಂದೊಂದು ಕಾಲಂ ಹಾಕಿಸಿ ಆ ಸಾಲಿನ ಎದುರು ಅದನ್ನೇ ಬರೆಸಿದರು: ಬ್ಲೇಡು, ಆಗಿರಬಹುದು.

ಹಿಮ ಬೀಳುವ ಮುಂಚೆ ನಾಲ್ಕು ದಿನ ರಜೆ ಹಾಕಿ ಬಡಗಣಕ್ಕೆ ಹೋಗಿಬಂದರು. ಕಟ್ಟಡದಲ್ಲಿ ಆ ನಾಲ್ಕು ದಿನ ನನ್ನ ಹೆಸರು, ತಪ್ಪು ಹೆಸರಾದರೂ, ಕರೆಯುವವರು ಯಾರೂ ಇರಲಿಲ್ಲ. ಬಂದವರು ನನಗೊಂದು ಪೊಟ್ಟಣ ಒಣಮೀನು ಕೊಟ್ಟರು. ನಾನು ಮೀನು ತಿನ್ನುವುದಿಲ್ಲವೆಂದು ನೆನಪಾಗಿ ವಾಪಸು ತೆಗೆದುಕೊಂಡು ಒಂದು ಕಿತ್ತಳೆ ಕೊಟ್ಟರು.

"ಹೇಳಿದಿರಾ?"

"ಹೇಳಿದೆ."

"ಅವರು ಏನಂದಿರಬಹುದು ಅಂತ ನಿಮ್ಮ ಮನಸ್ಸಿಗೆ ಅನ್ನಿಸಿತು?"

"ಅವನು ಮೊದಲಿನಿಂದಲೂ ಮಾತು ಕಮ್ಮಿ," ಅಂದರು, ಪೊರಕೆ ಕೈಗೆತ್ತಿಕೊಂಡರು.

ಸೊನ್ನೆ ಸೊನ್ನೆ ಬಂತು, ಏನೂ ಆಗಲಿಲ್ಲ. ಚಿಂತೆಗೆ ಬೇಡಿಕೆ ಕುಸಿಯಿತು. ಮರುವರ್ಷ ನನ್ನನ್ನು ವಾಪಸು ಕಳಿಸಿದರು. ಆಮೇಲೆ ಪ್ರತಿ ವಸಂತದಲ್ಲೂ ಅವರಿಂದ ಒಂದು ಪೋಸ್ಟ್‌ಕಾರ್ಡು ಬರುತ್ತಿತ್ತು: ಎರಡು ಅಂಕಿ, ಒಂದು ದೊಡ್ಡದು, ಒಂದು ಚಿಕ್ಕದು. ಕೆಳಗೆ ನಾಲ್ಕಂಕಿಯಲ್ಲಿ ವರ್ಷ, ಮೊದಲ ಎರಡು ಅಂಕಿಗಳ ಅಡಿಯಲ್ಲಿ ಎರಡು ಗೆರೆ, ನನ್ನನ್ನು ರೇಗಿಸಲು. ಅಕ್ಷರ ವರ್ಷದಿಂದ ವರ್ಷಕ್ಕೆ ದಪ್ಪವಾಯಿತು, ಸಾಲು ಕಾರ್ಡಿನ ಅಂಚು ದಾಟಿತು. 2004ರಲ್ಲಿ ತಂಡ ಕೆಳಗಿನ ಗುಂಪಿಗೆ ಇಳಿಯಿತು, ಆ ಮೀಸಲು ಜಾಗವೂ ರದ್ದಾಯಿತು. ಮುಂದಿನ ವಸಂತದಲ್ಲಿ ಬಂದ ಕಾರ್ಡಿನಲ್ಲಿ ಅಂಕಿಗಳಿರಲಿಲ್ಲ. ಅವರ ಮಗಳು ಇಂಗ್ಲಿಷಿನಲ್ಲಿ ಬರೆದಿದ್ದಳು. ಅಪ್ಪ ತೀರಿಕೊಂಡರು, ನೀವು ಮಾಡಿಕೊಟ್ಟ ಪಟ್ಟಿಯನ್ನು ಅವರ ಇಷ್ಟದಂತೆ ಶವಪೆಟ್ಟಿಗೆಯಲ್ಲಿ ಅವರ ಕೈ ಕೆಳಗೆ ಇಟ್ಟು ಕಳಿಸಿದೆವು.

ನನಗೆ ಅಳು ಬರುವ ಮುಂಚೆ ಗಾಬರಿಯಾಯಿತು. ಅಟ್ಟದಿಂದ ಹಳೆಯ ಫ್ಲಾಪಿ ಇಳಿಸಿ, ಅದನ್ನು ಓದುವ ಕಂಪ್ಯೂಟರ್ ಹುಡುಕಿಕೊಂಡು ಊರೆಲ್ಲ ಅಲೆದು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬೆರಳಿಟ್ಟು ನೋಡಿದೆ. ಎಲ್ಲ ವರ್ಷಗಳೂ ನಾಲ್ಕಂಕಿ. ಐದನೇ ನಂಬರಿನವರು ಇಬ್ಬರೂ ಅವರವರ ಜಾಗದಲ್ಲಿದ್ದರು. ಕುಳ್ಳನ ಎದುರು, ಬ್ಲೇಡು, ಆಗಿರಬಹುದು. ಪರಲೋಕದಲ್ಲಿ ಮೇಲ್ವಿಚಾರಕರೂ ಆ ಕುಳ್ಳನೂ ಕೂತು ಆ ಹಾಳೆ ಬಿಡಿಸಿದರೆ ನನ್ನಿಂದ ಇನ್ನೊಂದು ತಪ್ಪು ಸಿಗುವುದಿಲ್ಲ. ಎರಡು ಸಲ ನೋಡಿದ್ದೇನೆ. ನಾಳೆ ಇನ್ನೊಂದು ಸಲ ನೋಡುತ್ತೇನೆ.