ಹಗ್ಗ ನೋಡಲು ನಿಂತ ಜಾಗಗಳು

ನಮ್ಮ ಯಜಮಾನರು ಒಂದು ಸೌಟು ಕೊಳ್ಳಬೇಕಾದರೂ ಮೊದಲು ಮೊಬೈಲಿನಲ್ಲಿ ಅದರ ವಿಡಿಯೊ ನೋಡುವ ಪೈಕಿ. ಅಂಥವರು ಕಾರಿನ ಮೇಲೆ ಕೂರಿಸುವ ರೂಫ್ ಬಾಕ್ಸ್ ಕೊಳ್ಳಲು ಹೊರಟರೆ ಕೇಳಬೇಕೆ? ದಸರಾ ರಜೆ ಮುಗಿದಾಗಿನಿಂದ ದುರ್ಗಿಗುಡಿಯ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಅದೇ ಮಾತು. ಯಾವುದು ಉದ್ದ, ಯಾವುದು ಅಗಲ, ಯಾವುದಕ್ಕೆ ಎರಡೂ ಕಡೆ ಬೀಗ. ಸಾರು ಆರಿ ತಣ್ಣಗಾಗುತ್ತಿತ್ತು, ಬಾಕ್ಸ್ ಮಾತ್ರ ತೀರ್ಮಾನವಾಗುತ್ತಿರಲಿಲ್ಲ.

ನಾವು ವರ್ಷಕ್ಕೊಮ್ಮೆಯಾದರೂ ಹೊಳೆಯ ದಂಡೆಯಲ್ಲಿ ಟೆಂಟು ಹಾಕಿ ಒಂದೆರಡು ದಿನ ಇದ್ದು ಬರುವವರು. ಕಾರೇನೋ ಏಳು ಸೀಟಿನದು. ಆದರೆ ಹಿಂದಿನ ಸಾಲನ್ನು ಮಡಚಿ ಟೆಂಟು, ಚಾಪೆ, ಗ್ಯಾಸ್ ಒಲೆ, ನೀರಿನ ಕ್ಯಾನು ತುಂಬಿದ ಮೇಲೆ ನಾವು, ಮಕ್ಕಳು ಕೂತರೆ ಮುಗಿಯಿತು. ಈ ಸಲ ಅಜ್ಜಿ ತಾತ ಬರಲೇಬೇಕೆಂದು ಮಕ್ಕಳು ಹಟ ಹಿಡಿದರು. ಅವರು ಬರಬೇಕೆಂದರೆ ಮಡಚಿದ ಹಿಂದಿನ ಸೀಟು ಬಿಚ್ಚಬೇಕು, ಸೀಟು ಬಿಚ್ಚಬೇಕೆಂದರೆ ಸಾಮಾನು ಮೇಲೆ ಹೋಗಬೇಕು. ಬಾಕ್ಸಿನ ಮಾತು ಹುಟ್ಟಿದ್ದು ಹಾಗೆ.

ನನ್ನ ಅಪ್ಪ ಅಮ್ಮ ಇರುವುದು ಭದ್ರಾವತಿಯ ಜನ್ನಾಪುರದಲ್ಲಿ. ಫೋನ್ ಮಾಡಿ ಹೇಳಿದಾಗ ಅಮ್ಮ ಕುಣಿದಾಡುವುದೊಂದು ಬಾಕಿ. ತೀರ್ಥಹಳ್ಳಿ ದಾರೀನಾ, ಹೊಳೆ ಕಾಣುತ್ತಾ, ಚಟ್ನಿಪುಡಿ ಎಷ್ಟು ಮಾಡ್ಲಿ ಎಂದೆಲ್ಲ ಕೇಳಿದಳು. ನಾನು ಅದೇ ಹುಮ್ಮಸ್ಸಿನಲ್ಲಿ ಬಾಕ್ಸಿನ ವಿಷಯ ಹೇಳಿದೆ. ಒಂದು ಸಲ ಬೀಗ ಹಾಕಿದರೆ ಆಯಿತು, ಊರು ಮುಟ್ಟುವ ತನಕ ಅದರ ಕಡೆ ತಿರುಗಿ ನೋಡಬೇಕಾಗಿಲ್ಲ, ಎಲ್ಲೂ ನಿಲ್ಲದೆ ಹೋಗಿಬಿಡಬಹುದು ಎಂದೆ. ಅಮ್ಮ ಚಟ್ನಿಪುಡಿಯ ಮಾತು ಅಲ್ಲಿಗೇ ಬಿಟ್ಟಳು. ಆಮೇಲೆ, "ನೀವೇ ಹೋಗ್ಬನ್ನಿ. ನಂಗ್ಯಾಕೋ ಮಂಡಿ ನೋವು" ಎಂದಳು.

ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಸಣ್ಣದಲ್ಲ, ಮನೆಯಲ್ಲಿ ಎಲ್ಲರಿಗೂ ಗೊತ್ತು. ಚಟ್ನಿಪುಡಿ ಅನ್ನುವಾಗ ಇಲ್ಲದ ಮಂಡಿ ನೋವು ಬಾಕ್ಸ್ ಅಂದಕೂಡಲೇ ಎಲ್ಲಿಂದ ಬಂತು? "ನೀನು ಬರ್ದೇ ಇದ್ರೆ ನಾವೂ ಹೋಗಲ್ಲ. ಭಾನುವಾರ ಶಿವಮೊಗ್ಗಕ್ಕೆ ಬಾ. ಯಾವ ಬಾಕ್ಸ್ ಬೇಕೋ ನೀನೇ ಆರಿಸು" ಎಂದು ಫೋನ್ ಇಟ್ಟೆ.

ಭಾನುವಾರ ಇಬ್ಬರೂ ರೈಲಿನಲ್ಲಿ ಬಂದಿಳಿದರು. ಅಮ್ಮ ಯಾವತ್ತೂ ರೈಲೇ. ಕಾರು ತರುತ್ತೇನೆಂದರೂ ಬೇಡವೆನ್ನುತ್ತಾಳೆ. ಪೆಟ್ರೋಲಿಗೆ ಯಾಕೆ ಸುಮ್ಮನೆ ಸುರಿಯಬೇಕೆಂಬ ಜಿಪುಣತನ ಎಂದೇ ನಾನು ಅಂದುಕೊಂಡಿದ್ದೆ.

ಅವರನ್ನು ಕರೆದುಕೊಂಡು ಕಾರಿನ ಸಾಮಾನು ಮಾರುವ ಅಂಗಡಿಗೆ ಹೋಗುವಾಗ ನನಗೆ ಹಳೆಯದೆಲ್ಲ ನೆನಪಾಗುತ್ತಿತ್ತು. ಆಗ ಕ್ಯಾಂಪಿಂಗ್ ಎಂಬ ಪದ ನಮಗೆ ಗೊತ್ತಿರಲಿಲ್ಲ, ನಾವು ಅದನ್ನು ಹೊಳೆ ಊಟ ಎನ್ನುತ್ತಿದ್ದೆವು. ಭದ್ರಾವತಿಯ ಕಾರ್ಖಾನೆಯ ಕ್ವಾರ್ಟರ್ಸಿನಿಂದ ಬೆಳಗಾಗುವ ಮೊದಲೇ ಹೊರಡುತ್ತಿದ್ದೆವು. ಅಪ್ಪ ಯಾರೋ ಆಫೀಸರರಿಂದ ಕೊಂಡಿದ್ದ ಹಳೆಯ ಬಿಳಿ ಕಾರು, ಅದರ ಮೇಲೆ ಕಬ್ಬಿಣದ ಕ್ಯಾರಿಯರ್. ಕ್ಯಾರಿಯರಿನ ಮೇಲೆ ಹಾಸಿಗೆ ಸುರುಳಿ, ಜಮಖಾನ, ಸೀಮೆಎಣ್ಣೆ ಸ್ಟೋವು, ಪಾತ್ರೆಗಳ ಮೂಟೆ, ಎಲ್ಲದರ ಮೇಲೆ ಟಾರ್ಪಾಲು, ಟಾರ್ಪಾಲಿನ ಮೇಲೆ ಅಪ್ಪನ ಹಗ್ಗ. ಒಳಗೆ ಅಪ್ಪ, ಚಿಕ್ಕಪ್ಪ, ಅಜ್ಜಿ, ಅಮ್ಮ, ನಾನು, ನನ್ನ ತಮ್ಮ. ಅಜ್ಜಿ ಅಂದರೆ ಅಪ್ಪನ ತಾಯಿ. ಕಾರು ಯಾರದೇ ಆಗಿರಲಿ, ಅದರೊಳಗೆ ಅವರದೇ ಆಡಳಿತ.

ತುಂಗೆಯ ದಂಡೆ ಹಿಡಿದು ಸಾಗುವ ಆ ದಾರಿಯಲ್ಲಿ ಅಪ್ಪ ಅರ್ಧ ಗಂಟೆಯೂ ನೆಟ್ಟಗೆ ಓಡಿಸುತ್ತಿರಲಿಲ್ಲ. ಗಾಜನೂರು ಬಂದರೆ ಸಾಕು, "ಹಗ್ಗ ಒಂದ್ಸಲ ನೋಡ್ಬಿಡ್ತೀನಿ" ಎಂದು ಪಕ್ಕಕ್ಕೆ ನಿಲ್ಲಿಸುತ್ತಿದ್ದರು. ಸಕ್ರೆಬೈಲು ದಾಟಿದ ಮೇಲೆ ಇನ್ನೊಂದು ಸಲ. ಮಂಡಗದ್ದೆಯಲ್ಲಂತೂ ನಿಲ್ಲಲೇಬೇಕು. ಅವರು ಇಳಿದು ಗಂಟುಗಳನ್ನು ಎಳೆದು, ಟಾರ್ಪಾಲಿನ ಮೂಲೆ ಸರಿಪಡಿಸಿ, ಮತ್ತೆ ಎಳೆದು ನೋಡುತ್ತಿದ್ದರು. ಅಷ್ಟು ಹೊತ್ತು ನಮಗೆ ಹಬ್ಬ. ನಾನೂ ತಮ್ಮನೂ ನೆಲ್ಲಿಕಾಯಿ ಹುಡುಕುತ್ತಿದ್ದೆವು, ಹೊಳೆಗೆ ಕಲ್ಲೆಸೆಯುತ್ತಿದ್ದೆವು, ಮಂಡಗದ್ದೆಯಲ್ಲಿ ಮರದ ತುಂಬ ಕೂತ ಬೆಳ್ಳಕ್ಕಿಗಳನ್ನು ನೋಡುತ್ತಾ ಬಾಯಿ ತೆರೆದು ನಿಲ್ಲುತ್ತಿದ್ದೆವು. ಅಮ್ಮ ಮಾತ್ರ ಕೈಯಲ್ಲೊಂದು ನಿಂಬೆಹಣ್ಣು ಹಿಡಿದುಕೊಂಡು ದೂರ ಹೋಗಿ, ನಮ್ಮೆಲ್ಲರಿಗೂ ಬೆನ್ನು ಮಾಡಿ ಹೊಳೆ ನೋಡುತ್ತಿದ್ದಳು. ಅಜ್ಜಿ ಕಾರಿನಿಂದಲೇ, "ಇವ್ಳಿಗೆ ಹೊಳೆ ಕಂಡ್ರೆ ಸಾಕು, ಲೋಕ ಬೇಡ" ಎಂದು ಗೊಣಗುತ್ತಿದ್ದರು.

ಚಿಕ್ಕಪ್ಪ ಅಪ್ಪನನ್ನು ಛೇಡಿಸದ ದಿನವಿಲ್ಲ. ಅಪ್ಪನ ಕೆಲಸ ಕಾರ್ಖಾನೆಯಲ್ಲಿ ಕ್ರೇನಿಗೆ ಸರಕು ಬಿಗಿಯುವುದು. "ಅಲ್ಲ ಮಾರಾಯಾ, ಅಲ್ಲಿ ಟನ್‌ಗಟ್ಲೆ ಕಬ್ಬಿಣ ಕಟ್ಟಿ ಎತ್ತಿಸ್ತೀಯ, ಇಲ್ಲಿ ಎರಡು ಹಾಸಿಗೆ ಕಟ್ಟೋಕೆ ಬರಲ್ವಾ ನಿಂಗೆ?" ಎಂದು ನಗುತ್ತಿದ್ದರು. ನಾವೂ ನಗುತ್ತಿದ್ದೆವು. ಅಪ್ಪ, "ಏನ್ಮಾಡೋದು, ರೋಡು ಹಂಗಿದೆ. ಸಡಿಲ ಆಗ್ಬಿಡುತ್ತೆ" ಎಂದು ಮತ್ತೆ ಸ್ಟೀರಿಂಗ್ ಹಿಡಿಯುತ್ತಿದ್ದರು. ಈಗ ಯೋಚಿಸಿದರೆ ಹೋಗಿ ಸೇರಿದ ಜಾಗಗಳು ನನಗೆ ಅಷ್ಟಾಗಿ ನೆನಪಿಲ್ಲ. ಹಗ್ಗ ನೋಡಲು ನಿಂತ ಜಾಗಗಳೆಲ್ಲ ನೆನಪಿವೆ. ಆ ಹೊಳೆಯ ಗಾಳಿ, ಟಾರ್ಪಾಲಿನ ವಾಸನೆ, ಗಟ್ಟಿಯಾದ ಹುಳಿ ನೆಲ್ಲಿಕಾಯಿ, ಇವು ಮತ್ತೆ ಸಿಗುವುದಿಲ್ಲವಲ್ಲ ಎಂದು ಆಗಾಗ ಅಂದುಕೊಳ್ಳುತ್ತೇನೆ.

ಅಂಗಡಿಯಲ್ಲಿ ಅಮ್ಮ ಒಂದು ಬಾಕ್ಸನ್ನೂ ಒಪ್ಪಲಿಲ್ಲ. ಕರಿಯದು ಅಪಶಕುನ. ಬಿಳಿಯದು ಕೊಳೆಯಾಗುತ್ತದೆ. ಉದ್ದದ್ದು ನೋಡಲು ಚೆನ್ನಾಗಿಲ್ಲ, ಗಿಡ್ಡದ್ದಕ್ಕೆ ಹಾಸಿಗೆ ಹಿಡಿಸುವುದಿಲ್ಲ. "ಹಾಸಿಗೆ ಯಾರು ತಗೊಂಡು ಹೋಗ್ತಾರಮ್ಮಾ, ಸ್ಲೀಪಿಂಗ್ ಬ್ಯಾಗ್ ಇದೆ" ಎಂದೆ. "ಅದೂ ಹಿಡಿಸಲ್ಲ" ಎಂದಳು. ನಮ್ಮವರು ತಾಳ್ಮೆಯಿಂದ ತಾವು ಗುರುತು ಮಾಡಿಟ್ಟಿದ್ದ ಗಟ್ಟಿ ಪ್ಲಾಸ್ಟಿಕ್ಕಿನ ಬಾಕ್ಸ್ ತೋರಿಸಿದರು. ಅಂಗಡಿಯವನು ಅದರ ಮುಚ್ಚಳ ತೆಗೆದು ಹಾಕಿ, ಬೀಗ ತಿರುಗಿಸಿ, ಮೇಲೆ ಎರಡು ಸಲ ಗುದ್ದಿದ.

"ಸರ್, ಇದನ್ನ ಮನೇಲಿ ಲಾಕ್ ಮಾಡಿದ್ರೆ ಆಯ್ತು. ಮಧ್ಯ ಎಲ್ಲೂ ನಿಲ್ಸಿ ನೋಡೋ ಹಂಗೇ ಇಲ್ಲ" ಎಂದ.

ಅಲ್ಲಿಯವರೆಗೆ ಸುಮ್ಮನೆ ನಿಂತಿದ್ದ ಅಪ್ಪ ಮುಂದೆ ಬಂದರು. "ನಿಲ್ಸಿ ನೋಡ್ಬೇಕಾಗೋದು ಯಾವ್ದಾದ್ರೂ ಇದ್ಯಾ?"

ಅಂಗಡಿಯವನಿಗೆ ಅರ್ಥವಾಗಲಿಲ್ಲ. "ಅಂದ್ರೆ ಸರ್?"

"ಅದೇ. ಸ್ವಲ್ಪ ಸಡಿಲ ಆಗೋದು. ಮಧ್ಯ ಮಧ್ಯ ಇಳಿದು ಬಿಗಿ ಮಾಡ್ಬೇಕಾಗೋದು."

ನಮ್ಮವರು ನನ್ನ ಮುಖ ನೋಡಿದರು. ಮಾವನವರಿಗೆ ವಯಸ್ಸಾಯಿತು ಎಂಬ ಕನಿಕರ ಅವರ ಕಣ್ಣಿನಲ್ಲಿತ್ತು. ನಾನು ಅಮ್ಮನ ಮುಖ ನೋಡಿದೆ. ಅವಳು ತಲೆ ತಗ್ಗಿಸಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಯೋಚಿಸಿ ಹೇಳುತ್ತೇವೆಂದು ಹೊರಬಂದು ಎದುರಿನ ಹೋಟೆಲಿಗೆ ಹೋದೆವು. ದೋಸೆ ತಿಂದಾದ ಮೇಲೆ ನಮ್ಮವರು ಕಾರು ತರಲು ಹೋದರು, ಅಮ್ಮ ಕೈ ತೊಳೆಯಲು ಎದ್ದಳು. ನಾನು ಅಪ್ಪನನ್ನು ಹಿಡಿದುಕೊಂಡೆ. "ಏನಪ್ಪಾ ಅದು, ಸಡಿಲ ಆಗೋ ಬಾಕ್ಸು?"

ಅಪ್ಪ ಅಮ್ಮ ಹೋದ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ನಿಮ್ಮಮ್ಮಂಗೆ ಕಾರು ಆಗಲ್ಲ ಕಣೇ. ಹೊಟ್ಟೆ ತೊಳೆಸುತ್ತೆ. ಮೊದಲಿಂದ್ಲೂ."

ಮದುವೆಯಾದ ಹೊಸತರಲ್ಲಿ ಬಾಡಿಗೆ ಕಾರಿನಲ್ಲಿ ಹೊಳೆ ಊಟಕ್ಕೆ ಹೊರಟಿದ್ದರಂತೆ. ಅಮ್ಮ ನಿಲ್ಲಿಸಿ ಎಂದು ಕೇಳಲು ನಾಚಿ ಕೂತಳಂತೆ, ಕೊನೆಗೆ ಕಾರಿನಲ್ಲೇ ವಾಂತಿಯಾಯಿತಂತೆ. ಅಜ್ಜಿ, "ಆಗ್ದೇ ಇರೋರು ಮನೇಲಿರ್ಲಿ. ಒಬ್ಬಳಿಂದ ಎಲ್ರಿಗೂ ಯಾಕೆ ಹಿಂಸೆ" ಎಂದರಂತೆ. ಮುಂದಿನ ಸಲ ಅಮ್ಮನನ್ನು ಮನೆ ನೋಡಿಕೊಳ್ಳಲು ಬಿಟ್ಟು ಹೋದರಂತೆ.

"ಬಂದು ನೋಡ್ತೀನಿ, ಅತ್ತತ್ತು ಮುಖ ಊದ್ಕೊಂಡಿತ್ತು. ಅವ್ಳಿಗೆ ಹೊಳೆ ಅಂದ್ರೆ ಜೀವ. ನಮ್ಮಮ್ಮನ ಹತ್ರ ಜಗಳ ಆಡೋ ಧೈರ್ಯ ನಂಗೂ ಇರ್ಲಿಲ್ಲ. ಅದಾದ್ಮೇಲೆ ಸ್ವಂತ ಕಾರು ಬಂತಲ್ಲ, ಹಗ್ಗ ತಂದೆ."

"ಹಗ್ಗ ಸಡಿಲ ಆಗ್ತಿರ್ಲಿಲ್ವಾ?"

"ನಾನು ಕಟ್ಟಿದ್ದು ಸಡಿಲ ಆಗುತ್ತಾ?" ಎಂದರು ಅಪ್ಪ. ಆ ಪ್ರಶ್ನೆಯಲ್ಲಿ ಸ್ವಲ್ಪ ಜಂಬವಿತ್ತು.

ಮಾತ್ರೆ ಸಿಗುತ್ತದಲ್ಲ, ತಗೊಂಡರಾಯಿತು ಎಂದೆ. "ಮಾತ್ರೆ ತಗೊಂಡ್ರೆ ದಾರಿಯೆಲ್ಲ ನಿದ್ದೆ. ಅವ್ಳು ಬರೋದೇ ದಾರಿ ನೋಡೋಕೆ. ನಿಲ್ಸಿ ಅಂತ ಅಳಿಯಂದ್ರ ಹತ್ರ ಕೇಳ್ತಾಳಾ? ಬರದೇ ಇರ್ತಾಳೆ ಅಷ್ಟೇ" ಎಂದರು.

ಅಷ್ಟರಲ್ಲಿ ಅಮ್ಮ ಬಂದಳು. ನಾನು ಬೇಗ ಬೇಗ ಕಾಫಿ ಕುಡಿಯುವ ನಾಟಕ ಮಾಡಿದೆ. ನೆಂಟರಿಷ್ಟರ ಮುಂದೆಲ್ಲ ಹಗ್ಗ ಕಟ್ಟಲು ಬಾರದವನೆಂದು ನಗಿಸಿಕೊಂಡು ನನ್ನ ಅಪ್ಪ ಜೀವನವಿಡೀ ಸುಮ್ಮನಿದ್ದರಲ್ಲ! ನಾನು ಅಷ್ಟು ಖುಷಿಯಿಂದ ನೆನೆಯುವ ಆ ನೆಲ್ಲಿಕಾಯಿ, ಆ ಬೆಳ್ಳಕ್ಕಿ, ಎಲ್ಲವೂ ಅಮ್ಮನ ಹೊಟ್ಟೆ ತೊಳೆಸಿದ್ದರಿಂದ ನಮಗೆ ಸಿಕ್ಕಿದ್ದು. ಅಪ್ಪನ ಮೇಲೆ ಪ್ರೀತಿ ಉಕ್ಕಿತು, ಸತ್ತುಹೋದ ಅಜ್ಜಿಯ ಮೇಲೆ ಕೆಂಡದಂಥ ಸಿಟ್ಟೂ ಬಂತು.

ವಾಪಸ್ ಅಂಗಡಿಗೆ ಹೋಗಿ ಬಟ್ಟೆಯ ಬಾಕ್ಸ್ ಕೊಡಿ ಎಂದೆ. ಅದು ರೇನ್‌ಕೋಟಿನಂಥ ದಪ್ಪ ಬಟ್ಟೆಯದು, ಬೀಗವಿಲ್ಲ, ಉದ್ದನೆಯ ಪಟ್ಟಿಗಳಿಂದ ಬಿಗಿಯಬೇಕು. ನಮ್ಮವರು ಹೌಹಾರಿದರು.

"ಅದರ ಪಟ್ಟಿ ಸಡಿಲ ಆಗುತ್ತೆ ಕಣೇ. ವಿಡಿಯೊದಲ್ಲೇ ಹೇಳಿದಾರೆ, ದಾರೀಲಿ ನಿಲ್ಸಿ ನಿಲ್ಸಿ ನೋಡ್ಬೇಕು ಅಂತ."

"ನಿಲ್ಸೋಣ. ಏನು, ರೈಲು ಹಿಡೀಬೇಕಾ?" ಎಂದೆ. ನನ್ನ ದನಿ ಕೇಳಿ ಅವರು ಪರ್ಸ್ ತೆಗೆದರು. ಅಮ್ಮ ಬಾಕ್ಸನ್ನು ಮುಟ್ಟಿ ನೋಡಿ, "ಇದು ಚೆನ್ನಾಗಿದೆ" ಎಂದಳು. ಬಣ್ಣ ಕರಿಯದೇ. ಅಪಶಕುನದ ಸುದ್ದಿ ಬರಲಿಲ್ಲ. ಮಂಡಿ ನೋವೂ ಬರಲಿಲ್ಲ.

ದೀಪಾವಳಿ ಕಳೆದು ಚಳಿ ಶುರುವಾದ ಮೇಲೆ ಹೊರಟೆವು. ಪಟ್ಟಿಗಳನ್ನು ಬಿಗಿದಿದ್ದು ಅಪ್ಪನೇ. ಭಾರ ಎತ್ತಲು ಅವರ ಭುಜ ಈಗ ಬಿಡುವುದಿಲ್ಲ, ಆದರೆ ಗಂಟಿನ ಹತ್ತಿರ ಇನ್ನೊಬ್ಬರ ಕೈ ಹೋಗಲು ಅವರು ಬಿಡುವುದಿಲ್ಲ. ನಮ್ಮವರು ಸ್ಟೀರಿಂಗಿನಲ್ಲಿ, ಪಕ್ಕದಲ್ಲಿ ಅಪ್ಪ. ನಡುವಿನ ಸಾಲಿನಲ್ಲಿ ನಾನು, ಅಮ್ಮ, ಮಗ. ಹೊಸದಾಗಿ ಬಿಚ್ಚಿದ ಹಿಂದಿನ ಸೀಟು ತನಗೇ ಬೇಕೆಂದು ಗಲಾಟೆ ಮಾಡಿ ಮಗಳು ಅಲ್ಲಿ ರಾಣಿಯಂತೆ ಕೂತಿದ್ದಳು. ಅಮ್ಮನ ಮುಷ್ಟಿಯಲ್ಲಿ ನಿಂಬೆಹಣ್ಣಿತ್ತು. ಗಾಜನೂರಿನಲ್ಲಿ ಅಪ್ಪ, "ಪಟ್ಟಿ ಒಂದ್ಸಲ ನೋಡ್ಬಿಡ್ತೀನಿ" ಎಂದು ಕಾರು ನಿಲ್ಲಿಸಲು ಹೇಳಿದರು. ಅಮ್ಮ ಇಳಿದು ಬೆನ್ನು ತಿರುಗಿಸಿ ನೀರು ನೋಡಿದಳು. ಎಲ್ಲ ಮೊದಲಿನಂತೆಯೇ ಇತ್ತು. ನಾನು ಏನೂ ಗೊತ್ತಿಲ್ಲದವಳಂತೆ ಮೊಬೈಲು ನೋಡುತ್ತಿದ್ದೆ.

ಸಕ್ರೆಬೈಲು ದಾಟಿ ತಿರುವುಗಳು ಶುರುವಾದವು. ಅಮ್ಮನ ಹಣೆಯ ಮೇಲೆ ಬೆವರು ಕಂಡಿತು. ಅಪ್ಪ ಕನ್ನಡಿಯಲ್ಲಿ ಅವಳನ್ನು ನೋಡಿ, ಕೆಮ್ಮಿ, ಬಾಯಿ ತೆರೆಯುವುದರಲ್ಲಿದ್ದರು. ಆಗ ಹಿಂದಿನಿಂದ ಮಗಳು ಕೂಗಿಕೊಂಡಳು.

"ಅಪ್ಪಾ, ನಿಲ್ಸು! ನಂಗೆ ವಾಂತಿ ಬರ್ತಿದೆ!"

ನಮ್ಮವರು ತಕ್ಷಣ ಪಕ್ಕಕ್ಕೆ ತಂದು ನಿಲ್ಲಿಸಿದರು. ಮಗಳನ್ನು ಎತ್ತಿಕೊಂಡು ಓಡಿ, ರಸ್ತೆ ಬದಿಯಲ್ಲಿ ಅವಳ ಹಣೆ ಹಿಡಿದು ನಿಂತರು. "ಪರ್ವಾಗಿಲ್ಲ ಪುಟ್ಟಿ, ಎಲ್ಲ ಹೋಗ್ಲಿ. ಆರಾಮಾಗಿ. ನಿಂಗೆ ಸಾಕು ಅನ್ಸಿದ್ಮೇಲೇ ಹೊರಡೋಣ" ಎನ್ನುತ್ತಾ ಬೆನ್ನು ಸವರಿದರು. ಅಮ್ಮ ಕಾರಿನ ಬಾಗಿಲು ಹಿಡಿದುಕೊಂಡು ಅದನ್ನೇ ನೋಡುತ್ತಿದ್ದಳು. ನಾನು ಅವಳನ್ನೇ ನೋಡುತ್ತಿದ್ದೆ.

ಮಗಳು ಬಾಯಿ ತೊಳೆದು ಮೋರಿಯ ಕಟ್ಟೆಯ ಮೇಲೆ ಕೂತಳು. ಅಮ್ಮ ಹೋಗಿ ಪಕ್ಕದಲ್ಲಿ ಕೂತು ನಿಂಬೆಹಣ್ಣು ಅವಳ ಮೂಗಿಗೆ ಹಿಡಿದಳು.

"ಮೂಸಿ ನೋಡು. ನಂಗೂ ಹಿಂಗೇ ಆಗುತ್ತೆ ಕಣೇ."

"ಹೌದಾ ಅಜ್ಜಿ? ಮತ್ತೆ ಹೇಳ್ಬೇಕಲ್ವಾ? ಹೇಳಿದ್ರೆ ಅಪ್ಪ ನಿಲ್ಸ್ತಾರೆ" ಎಂದಳು ಮಗಳು, ಅದೇನು ಮಹಾ ಎಂಬಂತೆ.

ಅಮ್ಮ ನಕ್ಕಳು, ಕಣ್ಣೊರೆಸಿಕೊಂಡಳು. ಆಮೇಲೆ ನಮ್ಮವರ ಕಡೆ ತಿರುಗಿ, ಮೊದಲನೆಯ ಸಲ, ತನ್ನ ಬಾಯಾರೆ ಕೇಳಿದಳು. "ಮಂಡಗದ್ದೇಲೂ ಒಂದ್ಸಲ ನಿಲ್ಸ್ತೀರಾ? ನಂಗೆ ಕಾರು ಆಗಲ್ಲ."

"ಅದಕ್ಕೇನಂತೆ ಅತ್ತೆ. ನೀವು ಹೇಳಿದ ಕಡೆಯೆಲ್ಲ ನಿಲ್ಸ್ತೀನಿ" ಎಂದರು ಅವರು.

ನಾನು ಅಪ್ಪನನ್ನು ಹುಡುಕಿದೆ. ಅವರು ಕಾರಿನ ಆಚೆ ಬದಿಯಲ್ಲಿ, ಎರಡೂ ಕೈಯಲ್ಲಿ ಪಟ್ಟಿ ಹಿಡಿದು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದಾರೆಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ಸಡಿಲ ಆಗಿದ್ಯಾಪ್ಪಾ?" ಎಂದು ಕೇಳಿದೆ.

"ಇಲ್ಲ ಕಣೇ" ಎಂದರು ಅಪ್ಪ. "ಗಟ್ಟಿಯಾಗೇ ಇದೆ."

ಹಾಗೆಂದರೂ ಪಟ್ಟಿಯನ್ನು ಅವರು ಕೈಬಿಡಲಿಲ್ಲ.