ಹಾರುವ ವಿಮಾನದ ಲೆಕ್ಕ

ಅನುಮಾನ ನನ್ನ ಹುಟ್ಟುಗುಣ. ದೇವರಾಜ ಮಾರುಕಟ್ಟೆಯಲ್ಲಿ ಬೀನ್ಸ್ ತೂಗಿಸಿದರೆ, ಕುವೆಂಪುನಗರದ ಮನೆಗೆ ಬಂದು ಇನ್ನೊಮ್ಮೆ ತೂಗಿ ನೋಡುವವನು ನಾನು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಜೆಟ್ ಎಂಜಿನ್ ಪಾಠ ಮಾಡುವ ನನಗೆ ವಿದ್ಯಾರ್ಥಿಗಳ ಮೇಲಂತೂ ಎಳ್ಳಷ್ಟೂ ನಂಬಿಕೆಯಿರಲಿಲ್ಲ.

ಆ ಸಲ ಅಸೈನ್‌ಮೆಂಟಿಗೆ ಒಂದೇ ಲೆಕ್ಕ ಕೊಟ್ಟಿದ್ದೆ: ಇಷ್ಟು ಎತ್ತರದಲ್ಲಿ, ಇಷ್ಟು ವೇಗದಲ್ಲಿ ಹಾರುವ ವಿಮಾನದ ಎಂಜಿನ್ ಎಷ್ಟು ನೂಕುಬಲ ಕೊಡುತ್ತದೆ, ಅದಕ್ಕೆ ಎಷ್ಟು ಇಂಧನ ಸುಡುತ್ತದೆ? ಇಡೀ ತರಗತಿಯ ಉತ್ತರ ನನ್ನ ಉತ್ತರಕ್ಕೆ ಸರಿಹೊಂದಿತು. ಅದರಲ್ಲೇನೂ ಸೋಜಿಗವಿಲ್ಲ, ನನ್ನ ನೋಟ್ಸ್ ಗೇಟಿನೆದುರಿನ ಜೆರಾಕ್ಸ್ ಅಂಗಡಿಯಲ್ಲಿ ವರ್ಷವರ್ಷವೂ ಸಿಗುತ್ತಿತ್ತು. ಒಬ್ಬಳದು ಮಾತ್ರ ಬೇರೆ. ಕೊನೆಯ ಬೆಂಚಿನ, ತುಟಿ ಪಿಟಕ್ ಎನ್ನದ ಹುಡುಗಿ. ನಾಲ್ಕು ಪುಟ, ಒಂದು ಚಿತ್ತೂ ಇಲ್ಲ! ಎಲ್ಲಿಂದಲೋ ಇಳಿಸಿದ್ದೇ ಸರಿ ಎಂದು ತೀರ್ಮಾನಿಸಿಬಿಟ್ಟೆ.

"ಯಾವ ವೆಬ್‌ಸೈಟಿಂದ ಎತ್ತಿದ್ದಮ್ಮ ಇದು?"

"ನಾನೇ ಮಾಡಿದ್ದು ಸಾರ್."

"ನನ್ನ ಕಿವಿ ಮೇಲೆ ಹೂ ಇಡ್ಬೇಡ. ನಾಳೆಯೊಳಗೆ ನಿಜ ಹೇಳ್ದೆ ಇದ್ರೆ ಸೊನ್ನೆ ಕಣಮ್ಮ. ಇಂಟರ್ನಲ್ಸ್ ಹೋದ್ರೆ ಪರೀಕ್ಷೆಗೆ ಕೂರೋ ಹಾಗಿಲ್ಲ, ಗೊತ್ತಲ್ಲ?"

ಅವಳ ಕಣ್ಣು ತುಂಬಿತು. ನಾಟಕ ಎಂದುಕೊಂಡೆ.

ಸಂಜೆ ಮನೆಯಲ್ಲಿ, ಕಳ್ಳತನ ಹಿಡಿಯಲೆಂದೇ ಅವಳ ಲೆಕ್ಕವನ್ನು ಸಾಲುಸಾಲಾಗಿ ನೋಡುತ್ತ ಕೂತೆ. ಎರಡನೇ ಪುಟದಲ್ಲೇ ತಡೆದು ನಿಂತೆ. ಹಾರುತ್ತಿರುವ ಎಂಜಿನ್ನಿನ ಬಾಯಿಗೆ ಗಾಳಿ ನುಗ್ಗುವ ರಭಸಕ್ಕೇ ಆ ಗಾಳಿಯ ಒತ್ತಡ, ಬಿಸಿ ಎರಡೂ ಏರುತ್ತವೆ. ಅವಳು ಆ ಏರಿಕೆಯನ್ನು ಸೇರಿಸಿದ್ದಳು. ನನ್ನ ನೋಟ್ಸ್ ತೆಗೆದೆ. ಅಲ್ಲಿ ಹೊರಗಿನ ಗಾಳಿಯ ಅಂಕಿಗಳನ್ನೇ ನೇರವಾಗಿ ಹಾಕಿತ್ತು, ವಿಮಾನ ರನ್‌ವೇ ಮೇಲೆ ಸುಮ್ಮನೆ ನಿಂತಿದೆಯೋ ಎಂಬಂತೆ. ಅಯ್ಯೋ ಶಿವನೇ! ಹನ್ನೊಂದು ವರ್ಷ ಇದನ್ನೇ ಹಲಗೆಯ ಮೇಲೆ ಬರೆದಿದ್ದೆನಲ್ಲ! ಆ ಲೆಕ್ಕವಾದರೂ ನನ್ನದೇ? ನನ್ನ ಮೇಷ್ಟ್ರದ್ದು. ವಿದ್ಯಾರ್ಥಿಯಾಗಿದ್ದಾಗ ನಾನೂ ಕಣ್ಣು ಮುಚ್ಚಿಕೊಂಡು ಇಳಿಸಿಕೊಂಡಿದ್ದೆ. ನಾಚಿಕೆಗೆ ಊಟ ಸೇರಲಿಲ್ಲ.

ಕ್ಷಮೆ ಕೇಳಬೇಕೆಂದು ಮರುದಿನ ಬೇಗ ಹೋದೆ. ಅವಳು ಆಗಲೇ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಹೊಸ ಹಾಳೆಗಳನ್ನು ಚಾಚಿದಳು.

"ತಪ್ಪಾಯ್ತು ಸಾರ್. ಫ್ರೆಂಡ್ ಹತ್ರ ಇಸ್ಕೊಂಡು ಎಲ್ಲಾ ಮತ್ತೆ ಬರ್ಕೊಂಡ್ ಬಂದ್ಬುಟ್ಟಿದೀನಿ. ಈಗ ನಿಮ್ಮ ಉತ್ತರಾನೇ ಬಂದಿದೆ, ನೋಡಿ ಸಾರ್."