ನೂರಕ್ಕೆ ನೂರು ಗೆದ್ದ ಆಟ

ಮಾಂಗ್ ಅಂಬೊನ ಅಂಗಡಿಯಲ್ಲಿ ಕಂಪ್ಯೂಟರಿಗೂ ಹಸಿವು. ಪೆಟ್ಟಿಗೆಯ ಸೀಳಿಗೆ ಒಂದು ಪೆಸೊ ಹಾಕಿದರೆ ಪರದೆ ಬೆಳಗುತ್ತದೆ. ಹೊತ್ತು ಮುಗಿದರೆ ಆಡುತ್ತಿದ್ದವನ ಮುಖದೆದುರೇ ಕಪ್ಪಾಗುತ್ತದೆ. ತಾಲ್ ಸರೋವರದ ದಂಡೆಯ ನಮ್ಮೂರಿನ ಹುಡುಗರ ಚಿಲ್ಲರೆಯೆಲ್ಲ ಅಲ್ಲಿಗೇ ಹೋಗುತ್ತದೆ. ಮೂಲೆಯ ಒಂದು ಯಂತ್ರಕ್ಕೆ ಮಾತ್ರ ನಾಣ್ಯ ತಿನ್ನುವ ಬಾಯಿಲ್ಲ. ಅದು ಚೆಸ್ ಕಲಿಯುವ ಮಕ್ಕಳದು. ಅದರೊಳಗೆ ಲಕ್ಷಾಂತರ ಆಟಗಳಿವೆ. ಆಟಗಾರನ ಹೆಸರು ಬರೆದು ಹುಡುಕಬಹುದು. ಕಾಯಿಗಳನ್ನು ಬೇಕಾದಂತೆ ಜೋಡಿಸಿ, ಈ ಸ್ಥಿತಿ ಯಾರ ಯಾರ ಆಟದಲ್ಲಿ ಬಂದಿತ್ತು, ಗೆದ್ದವರೆಷ್ಟು, ಸೋತವರೆಷ್ಟು ಎಂದು ಕೇಳಲೂಬಹುದು.

ಅಂಬ್ರೋಸಿಯೊ ಮರಾಲಿತ್, ಊರಿಗೆಲ್ಲ ಮಾಂಗ್ ಅಂಬೊ, ಅಂದರೆ ಅಂಬೊ ಮಾವ, ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡಬೇಕು, ಆಮೇಲೆ ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಕಲಿಸಿದ್ದಕ್ಕೆ ಕಾಸು ಮುಟ್ಟಿದವನಲ್ಲ. ಹಸಿದು ಬಂದ ಮಕ್ಕಳಿಗೆ ಪಕ್ಕದ ಅಂಗಡಿಯಿಂದ ಲೋಮಿ ಎಂಬ ಬಿಸಿ ನೂಡಲ್ಸ್ ಸಾರಿನ ಬಟ್ಟಲು ತರಿಸಿಕೊಡುತ್ತಿದ್ದ. ಅವನಿಗಿದ್ದದ್ದು ಒಂದೇ ಚಟ. ಹೊಸಬರು ಯಾರು ಬಂದರೂ ಆ ಮೂಲೆಯ ಯಂತ್ರದ ಮುಂದೆ ಕೂರಿಸಿ, ಹುಡುಕುವ ಜಾಗದಲ್ಲಿ ತನ್ನ ಹೆಸರನ್ನೇ ಬರೆಯುತ್ತಿದ್ದ. ಲಕ್ಷಾಂತರ ಆಟಗಳ ರಾಶಿಯಿಂದ ಒಂದೇ ಒಂದು ಸಾಲು ಮೇಲೆದ್ದು ಬರುತ್ತಿತ್ತು. ಬಿಳಿ: ಮರಾಲಿತ್. ಕಪ್ಪು: ಮನಿಲಾದ ಮಾಸ್ಟರ್ ಲಗ್ದಾಮೆಯೊ. ಗೆಲುವು ಬಿಳಿಗೆ.

"ಡ್ರಾ ಮಾಡ್ಕೊಳ್ಳೋಣ ಅಂತ ಮಾಸ್ಟರು ಕೈ ಚಾಚಿದ," ಎನ್ನುತ್ತಿದ್ದ ಅಂಬೊ. "ನಾನು ಹಲಗೆಯಿಂದ ಕಣ್ಣೇ ಎತ್ತಲಿಲ್ಲ."

"ಹೋದ ಸಲ ಹೇಳಿದಾಗ ಬರೀ ಬಾಯಲ್ಲಿ ಕೇಳಿದ್ದ ಕಣೋ ಗೆಳೆಯಾ," ಎನ್ನುತ್ತಿದ್ದ ಎದುರಿನ ಕ್ಷೌರದಂಗಡಿಯ ಕುಲಾಸ್. "ಈ ಸಲ ಕೈ ಚಾಚಿದಾನೆ. ಮುಂದಿನ ಸಲ ಕಾಲಿಗೆ ಬೀಳ್ತಾನೆ ಬಿಡು."

ಎಲ್ಲರೂ ನಗುತ್ತಿದ್ದರು. ಲಿಗಾಯ ಮಾತ್ರ ನಗುತ್ತಿರಲಿಲ್ಲ. ಅವಳು ಸಂತೆಯಲ್ಲಿ ತವಿಲಿಸ್ ಮೀನು ಮಾರುವ ಆಲಿಂಗ್ ಸೆನಿಂಗಳ ಮಗಳು. ಅಂಬೊ ಕಲಿಸಿದ ಮಕ್ಕಳಲ್ಲೆಲ್ಲ ಚುರುಕು. ಆ ಕತೆಯನ್ನು ಅವಳು ಬೈಬಲ್ಲಿನ ಮಾತಿನಂತೆ ಕೇಳಿಸಿಕೊಂಡಿದ್ದಳು.

ಆ ವರ್ಷ ಪ್ರಾಂತ್ಯಗಳ ನಡುವಿನ ಶಾಲಾ ಪಂದ್ಯದಲ್ಲಿ ಅವಳು ಕೊನೆಯ ಸುತ್ತಿನವರೆಗೆ ಮುಂದಿದ್ದಳು. ಮೊದಲ ಇಬ್ಬರಿಗೆ ಮನಿಲಾದ ಕ್ರೀಡಾ ಶಾಲೆಯಲ್ಲಿ ಊಟ, ವಸತಿ, ಓದು ಎಲ್ಲವೂ ಪುಕ್ಕಟೆ. ಕೊನೆಯ ಆಟ ಡ್ರಾ ಆದರೂ ಅವಳಿಗೆ ಎರಡನೆಯ ಸ್ಥಾನ ಖಚಿತ. ಹಿಂದಿನ ಸಂಜೆ ಗುರುಶಿಷ್ಯರಿಬ್ಬರೂ ಮೂಲೆಯ ಯಂತ್ರದ ಮುಂದೆ ಕುಳಿತು ಎದುರಾಳಿಯ ಆಟಗಳನ್ನು ಹುಡುಕಿದರು. ಕವೀತೆ ಪ್ರಾಂತ್ಯದ ಆ ಹುಡುಗಿ ಕಪ್ಪು ಕಾಯಿಯಲ್ಲಿ ಆಡುತ್ತಿದ್ದದ್ದು, ಹಿಂದೆ ಲಗ್ದಾಮೆಯೊ ಆಡಿದ ರಕ್ಷಣೆಯನ್ನೇ.

"ಕೋಚ್, ಇಲ್ಲಿ ಎಲ್ರೂ ಒಂಟೆನ ಹಿಂದಕ್ಕೆ ತಗೊಂಡಿದಾರೆ," ಎಂದಳು ಲಿಗಾಯ. "ಕುದುರೆನ ಅಂಚಿಗೆ ಹಾಕಿರೋರು ನೀವೊಬ್ರೇ."

ಪರದೆಯ ಮೇಲೆ ಇತ್ತು: ಆಟ ಒಂದು, ಬಿಳಿಯ ಗೆಲುವು ನೂರಕ್ಕೆ ನೂರು.

"ಆದ್ರೆ ಆ ಕುದುರೆ ವಾಪಸ್ ಹೇಗೆ ಬರುತ್ತೆ? ಈ ಕಡೆ ಕಪ್ಪು ಕಾಲಾಳು ಓಡ್ತಾ ಇದೆಯಲ್ಲ. ಎಂಜಿನ್ ಹಾಕಿ ನೋಡ್ಲಾ?"

ಎಂಜಿನ್ ಹಾಕಿದರೆ ಯಂತ್ರವೇ ಲೆಕ್ಕ ಹಾಕಿ ಯಾರ ಕೈ ಮೇಲಿದೆ ಎಂದು ಹೇಳಿಬಿಡುತ್ತದೆ. ಅಂಬೊ ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಮಿದುಳಿಗೆ ತುಕ್ಕು ಹಿಡಿಯುತ್ತದೆ, ಆಡಿದವರ ಆಟ ನೋಡಿ ಕಲಿಯಿರಿ ಎನ್ನುತ್ತಿದ್ದ. ಎಂಥ ದೊಡ್ಡ ಮಾತು! ಒಳಗಿದ್ದ ಕಾರಣ ಬೇರೆ.

ಆ ಕುದುರೆ ವಾಪಸ್ ಬಂದಿರಲೇ ಇಲ್ಲ. ಲಗ್ದಾಮೆಯೊನ ಎದುರು ಅಂಬೊ ಸೋಲುವುದರಲ್ಲಿದ್ದ. ಡ್ರಾ ಕೇಳಿದ್ದವನು ಅಂಬೊ. ಬೇಡವೆಂದು ತಲೆಯಾಡಿಸಿದವನು ಮಾಸ್ಟರ್. ಅಷ್ಟರಲ್ಲಿ ಮಾಸ್ಟರನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಆಟದ ನಡುವೆ ಫೋನ್ ಬಡಿದರೆ ಆಟ ಹೋಯಿತು, ಅದು ನಿಯಮ. ಸಂಗ್ರಹದಲ್ಲಿ ನಡೆಗಳು ಉಳಿಯುತ್ತವೆ, ಫಲಿತಾಂಶ ಉಳಿಯುತ್ತದೆ. ಫೋನಿನ ಸದ್ದು ಉಳಿಯುವುದಿಲ್ಲ.

ಈಗ ಹೇಳಿಬಿಡಬಹುದಿತ್ತು. ಆದರೆ ಹಿಂದೆ ಕುಲಾಸ್ ನಿಂತಿದ್ದ, ಆಟ ಬಿಟ್ಟು ಇಣುಕುತ್ತಿದ್ದ ಹುಡುಗರಿದ್ದರು. ಅಷ್ಟು ದೂರ ಆಟ ಹಾಗೇ ಬರುವುದೇ ಇಲ್ಲ, ಆ ಹುಡುಗಿ ನಡುವೆ ಬೇರೇನೋ ಆಡುತ್ತಾಳೆ ಎಂದು ಅಂಬೊ ತನಗೆ ತಾನೇ ಸಮಾಧಾನ ಹೇಳಿಕೊಂಡ.

"ಎಂಜಿನ್ ಯಾಕೆ? ಫಲಿತಾಂಶ ನೋಡು," ಎಂದ. "ನೂರಕ್ಕೆ ನೂರು. ಇನ್ನೇನು ಬೇಕು ನಿಂಗೆ?"

ನಮ್ಮೂರಿನಲ್ಲಿ ದೊಡ್ಡವರೆನಿಸಿಕೊಂಡವರ ರೀತಿಯೇ ಇದು. ಜಂಬ ನಮ್ಮದು, ಹೊರುವ ಹೆಗಲು ಮಕ್ಕಳದು. ಮಗು ಎಡವಿ ಬಿದ್ದರೆ ಹೆಗಲು ಸಾಲದಾಯಿತು ಎಂದು ಕೈ ತೊಳೆದುಕೊಳ್ಳುತ್ತೇವೆ.

ಮಾರನೆಯ ದಿನ ತರಬೇತುದಾರರನ್ನೆಲ್ಲ ಹಗ್ಗದಾಚೆ ನಿಲ್ಲಿಸಿದ್ದರು. ಅಂಬೊ ಕತ್ತು ಚಾಚಿ ನೋಡುತ್ತಿದ್ದ. ಒಂದೊಂದು ನಡೆಯೂ ಅವನ ಹಳೆಯ ಆಟದ್ದೇ. ಕವೀತೆಯ ಹುಡುಗಿ ಎಲ್ಲೂ ದಾರಿ ಬಿಡಲಿಲ್ಲ. ಲಿಗಾಯಳ ಕುದುರೆ ಅಂಚಿಗೆ ಹೋಗಿ ಕುಳಿತಾಗ ಅವನು ಹಗ್ಗಕ್ಕೆ ಎದೆಯೊತ್ತಿ ಮುಂದೆ ಬಾಗಿದ. ಆಗ ಎದುರಾಳಿ ಬಗ್ಗಿ ಏನೋ ಕೇಳಿದಳು. ಡ್ರಾ. ತಗೋ ಮಗಳೇ, ತಗೋ ಎಂದು ಅಂಬೊನ ತುಟಿ ಅಲುಗಿತು. ಹಗ್ಗದಾಚೆಯಿಂದ ಮಾತಾಡುವಂತಿಲ್ಲ, ಅದೂ ನಿಯಮವೇ.

ಲಿಗಾಯ ಹಲಗೆಯಿಂದ ಕಣ್ಣೆತ್ತಲಿಲ್ಲ. ತಲೆಯಾಡಿಸಿದಳು, ಅಷ್ಟೆ.

ಕಪ್ಪು ಕಾಲಾಳು ಓಡಿ ಹೋಗಿ ಮಂತ್ರಿಯಾಯಿತು. ಸೋತ ಲಿಗಾಯಳಿಗೆ ಸಿಕ್ಕಿದ್ದು ಮೂರನೆಯ ಸ್ಥಾನ. ಊರಿಗೆ ಮರಳುವ ಜೀಪ್ನಿಯಲ್ಲಿ ಅವಳು ಕಿಟಕಿಯತ್ತ ತಿರುಗಿ ಕುಳಿತಿದ್ದಳು. ಅಮ್ಮ ಕಟ್ಟಿಕೊಟ್ಟ ಸುಮಾನ್ ಎಂಬ ಅಕ್ಕಿಯ ಸಿಹಿ ಬಾಳೆಲೆಯ ಕಟ್ಟಿನಲ್ಲೇ ಉಳಿಯಿತು.

ಮರುದಿನ ಶಾಲೆ ಬಿಟ್ಟವಳೇ ನೇರ ಅಂಗಡಿಗೆ ಬಂದಳು. ಮೇಜಿನ ಮೇಲೆ ಹಲಗೆ ಹರಡಿ ಕಾಯಿಗಳನ್ನು ಆ ಸ್ಥಿತಿಗೇ ಜೋಡಿಸಿದಳು.

"ಇಲ್ಲಿಂದ ನೀವು ಹೇಗೆ ಗೆದ್ರಿ ಕೋಚ್? ನಾನೇ ಎಲ್ಲೋ ತಪ್ಪಿದೀನಿ. ತೋರ್ಸಿ."

ಅಂಬೊ ಆನೆ ನಡೆಸಿದ. ಅವಳು ಕಪ್ಪು ಕಾಲಾಳನ್ನು ತಳ್ಳಿದಳು. ಅವನು ಆನೆಯನ್ನು ಹಿಂದಿಟ್ಟು ಒಂಟೆ ತೆಗೆದ. ಕಾಲಾಳು ಮತ್ತೆ ಓಡಿತು. ಪತ್ರಿಕೆ ಓದುತ್ತಿದ್ದ ಕುಲಾಸ್ ಅದನ್ನು ಮಡಿಚಿಟ್ಟು ನೋಡತೊಡಗಿದ.

"ಗೆದ್ದಿಲ್ಲ," ಎಂದ ಅಂಬೊ. "ಮಾಸ್ಟರಂದು ಫೋನ್ ಬಡೀತು."

ಲಿಗಾಯ ಮೆಲ್ಲಗೆ ಕೇಳಿದಳು: "ಡ್ರಾ ಕೇಳಿದ್ದು?"

"ಅದೂ ನಾನೇ."

"ಅಮ್ಮಂಗೆ ನಂದೇ ತಪ್ಪು ಅಂತ ಹೇಳ್ಬಿಟ್ಟಿದೀನಿ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅಂಬೊನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವನು ಸಂತೆಗೆ ಹೋದ. ಆಲಿಂಗ್ ಸೆನಿಂಗ್ ಅವನನ್ನು ಕಂಡವಳೇ ಒದ್ದೆ ಕೈಯನ್ನು ಸೊಂಟಕ್ಕೆ ಕಟ್ಟಿದ್ದ ಬಟ್ಟೆಗೆ ಒರೆಸಿಕೊಂಡಳು.

"ಬೈಯಕ್ಕೆ ಬಂದ್ರಾ ಮಾಂಗ್ ಅಂಬೊ? ಪಾಪ, ಬೈಬೇಡಿ. ಇಷ್ಟು ಕಲಿಸಿದೋರಿಗೆ ಹೇಗೆ ಮುಖ ತೋರಿಸ್ಲಿ ಅಂತ ಮಗು ಊಟಾನೇ ಮುಟ್ಟಿಲ್ಲ."

ಮೀನಿನ ಗಿರಾಕಿಗಳು ನಿಂತಿದ್ದರು. ಅವರೆಲ್ಲರ ಎದುರೇ ಅವನು ನಡೆದದ್ದನ್ನು ಹೇಳಿದ. ಅವಳು ಕೇಳಿದಳು, ಕತ್ತಿ ಎತ್ತಿಕೊಂಡಳು, ಅರ್ಧ ಹೆರೆದಿದ್ದ ಮೀನನ್ನು ಪೂರ್ತಿ ಹೆರೆದಳು. "ಮುಂದಿನೋರು ಯಾರು?" ಎಂದಳು. ಅವನತ್ತ ಮತ್ತೆ ನೋಡಲಿಲ್ಲ.

ಅಂಗಡಿಗೆ ಬಂದು ಅಂಬೊ ತನ್ನ ಆಟವನ್ನು ತೆರೆದು, ಕೊನೆಯ ನಡೆಯ ಪಕ್ಕದಲ್ಲಿ ಟಿಪ್ಪಣಿ ಸೇರಿಸಿದ: ಕಪ್ಪು ಗೆಲ್ಲುವುದಿತ್ತು. ಫೋನ್ ಬಡಿಯಿತು. ಅದು ಉಳಿದದ್ದು ಆ ಒಂದು ಯಂತ್ರದಲ್ಲಿ. ಜಗತ್ತಿನ ಉಳಿದೆಲ್ಲ ಯಂತ್ರಗಳಲ್ಲಿ ಅವನು ಇವತ್ತಿಗೂ ನೂರಕ್ಕೆ ನೂರು ಗೆದ್ದವನು. ಅಳಿಸುವಂತಿಲ್ಲ. ಅದು ಸುಳ್ಳೂ ಅಲ್ಲ.

ಒಂದು ವಾರ ಲಿಗಾಯ ಅತ್ತ ಸುಳಿಯಲಿಲ್ಲ. ಬಂದಾಗ ಅಂಬೊ ಗಡಿಬಿಡಿಯಿಂದ ಮೂಲೆಯ ಯಂತ್ರದ ಮುಂದಿನ ಕುರ್ಚಿಯನ್ನು ಒರೆಸಿ ಎಳೆದಿಟ್ಟ. "ಬಾ, ಎಂಜಿನ್ ಹಾಕಿ ಇಟ್ಟಿದೀನಿ."

"ಇರ್ಲಿ ಮಾಂಗ್ ಅಂಬೊ," ಎಂದಳು ಅವಳು. ಕೋಚ್ ಎನ್ನಲಿಲ್ಲ.

ಹುಡುಗರ ಸಾಲಿನಲ್ಲಿ ಖಾಲಿಯಿದ್ದ ಯಂತ್ರದ ಮುಂದೆ ಹೋಗಿ ಕುಳಿತಳು. ಲಂಗದ ಜೇಬಿನಿಂದ ಒಂದು ಪೆಸೊ ತೆಗೆದು, ಬೇರೆ ಯಾವ ಗಿರಾಕಿಯಾದರೂ ಹಾಕುವ ಹಾಗೆ, ಸೀಳಿಗೆ ಹಾಕಿದಳು. ನಾಣ್ಯ ಡಬ್ಬಿಯ ತಳಕ್ಕೆ ಬಿದ್ದ ಸದ್ದು ಕೇಳಿಸಿತು. ಅಂಬೊ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತೇ ಇದ್ದ.